ಮೆಣಸಿನಕಾಯಿ ಟೆಂಡರು, ಗುಳ್ಳೆ ಒಡೆಯುವ ಆಟ

ರಾಣೆಬೆನ್ನೂರಿಗೆ ಟಿಕೆಟ್ ಕೇಳಿದ್ದು ಕಂಡಕ್ಟರನಿಗೆ ಎರಡು ಸಲವೂ ಕೇಳಿಸಲಿಲ್ಲ. ಬಿಸಿಎ ಮುಗಿಸಿದವಳ ದನಿ ಇಷ್ಟೇನಾ ಎಂದು ಜರೀನಾ ಒಳಗೊಳಗೇ ಅಳುಕಿ ಕುಳಿತಳು. ಮುಂದಿನ ಸೀಟಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ತನ್ನ ತಮ್ಮನ ಮಗಳನ್ನು ಗದರುತ್ತಿದ್ದ. ಅವನ ಅಂಗಡಿಯ ಕಂಪ್ಯೂಟರ್ ಕೆಲಸ ಅವಳದೇ ಎಂಬುದು ಮಾತಿನಲ್ಲೇ ತಿಳಿಯುತ್ತಿತ್ತು.

"ಖರೇ ಹೇಳು ಕಾವೇರಿ, ನಮ್ಮ ಟೆಂಡರ್ ದರ ಯಾರಿಗೆ ಬಿಟ್ಟುಕೊಟ್ಟಿ?"

"ನಿಮ್ಮಾಣೆ ದೊಡ್ಡಪ್ಪ, ಯಾರಿಗೂ ಇಲ್ರಿ."

"ಮತ್ತ ಒಳ್ಳೊಳ್ಳೆ ಮೆಣಸಿನಕಾಯಿ ಲಾಟು ಕೈ ತಪ್ಪಿದ್ದು ಹೆಂಗ? ಯಾರೋ ಬೆನ್ನು ಹತ್ಯಾರಂತ ಆಂಟಿವೈರಸ್ಸೇ ಕೆಂಪು ಚೌಕದಾಗ ತೋರಸಾಕತ್ತೈತಿ!"

"ಅದು ನಾ ಗುಳ್ಳೆ ಒಡಿಯೋ ಆಟ ತಗದಾಗಷ್ಟ ಬರತೈತ್ರಿ."

"ವ್ಯಾಪಾರದ ಕಂಪ್ಯೂಟರ್‌ನ್ಯಾಗ ಆಟ? ಭಾಳ ಶಾಣ್ಯಾಕಿ ಬಿಡು!"

"ಟೆಂಡರ್ ಹಾಕಿದ ಮ್ಯಾಲ ಕುಂತು ಕುಂತು ಬ್ಯಾಸರ ಆಗತಿತ್ರಿ."

"ನಾ ಹಾಕೋ ದರ ಮಂದಿಗೆ ಮೊದಲ ಗೊತ್ತಾದ್ರ ಅಂಗಡಿ ಮುಳುಗಿದಂಗ. ನಾಳಿಂದ ನೀ ಬರಬ್ಯಾಡ."

"ಊರಾಗ ನನ್ನ ಕಳ್ಳಿ ಅಂತಾರ, ದೊಡ್ಡಪ್ಪ..."

"ಮೋಟೆಬೆನ್ನೂರು ಬಂತು, ಏಳು."

ಕಾವೇರಿ ವೇಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿಲ ಕಡೆ ನಡೆದಳು. ಜರೀನಾ ಎದ್ದು ನಿಂತಳು. ಕಂಬಿ ಹಿಡಿದು, ಈ ಸಲ ಕಂಡಕ್ಟರನಿಗೂ ಕೇಳಿಸುವಂತೆ ದನಿ ಎತ್ತಿದಳು.

"ಕಾಕಾರ, ಆಕಿ ಕಳ್ಳಿ ಅಲ್ರಿ! ಆ ಆಟ ಜಾಹೀರಾತಿನವರಿಗೆ ಸುದ್ದಿ ಕಳಸಾಕ ಹೋಗತೈತಿ, ಆಂಟಿವೈರಸ್ ಅದನ್ನ ತಡದು ಚೌಕ ತೋರಸತೈತಿ, ಅಷ್ಟ; ನಿಮ್ಮ ದರಕ್ಕೂ ಅದಕ್ಕೂ ಸಂಬಂಧ ಇಲ್ರಿ. ನನ್ನ ಕಂಪ್ಯೂಟರ್‌ನ್ಯಾಗೂ ಆ ಆಟ ತಗದಾಗ ಅದ ಕೆಂಪು ಚೌಕ ಬಂದಿತ್ರಿ. ನಾನೂ ಹೆದರಿ ಯಾರಿಗೂ ಹೇಳಿದ್ದಿಲ್ಲ."