ಕಾವು ಬೇಕಾದ ಬೀಜ

ಹಲೋ... ಹಾಂ, ನಂಬರ್ ಅವರದ್ದೇ. ನಾನು ಅವರ ಹೆಂಡ್ತಿ. ನೀವ್ಯಾರು ಮಾತಾಡ್ತಿರೋದು?

...

ಬೀಜದ ಅಂಗಡಿಯವರಾ? ಗೊತ್ತು, ಗೊತ್ತು. ಸೋಮವಾರ ಸೋಮವಾರ ನಿಮಗೇ ಅಲ್ವಾ ಫೋನ್ ಮಾಡಿ ತಲೆ ತಿಂತಾ ಇದ್ದದ್ದು, ‘ಇನ್ನೂ ಮೊಳಕೆ ಬಂದಿಲ್ಲ’ ಅಂತ.

...

ಹಾಂ, ಮೂರು ವಾರದಿಂದ ಮಾಡಿಲ್ಲ. ತೀರ್ಕೊಂಡ್ರು. ಇವತ್ತಿಗೆ ಹತ್ತೊಂಬತ್ತು ದಿನ.

...

ಪರವಾಗಿಲ್ಲ. ನಿಮಗೆ ಹೇಗೆ ಗೊತ್ತಾಗ್ಬೇಕು. ಇಲ್ಲ, ಅಳ್ತಿಲ್ಲ. ಹೊಲಿಗೆ ಮಷಿನ್ ಮುಂದೆ ಕೂತಿದೀನಿ. ಶಾಲೆಯವರ ಅರವತ್ತು ಶರ್ಟಿದೆ, ಕಾಲರ್ ಕೂರಿಸ್ತಿದೀನಿ. ಅಳೂ ಬರ್ತಿಲ್ಲ ನಂಗೆ. ಎಲ್ಲಾ ಮರಗಟ್ಟಿದ ಹಾಗಿದೆ.

...

ಬೀಜಾನಾ? ಇದೆ. ಹಿಮ ಬಿದ್ರೂ ಸಾಯದ ತಾಳೆ ಮರ ಅಂತೀರಲ್ಲ, ಅದೇ ತಾನೆ? ‘ಈ ಮನೇಲಿ ಗಟ್ಟಿ ಜೀವ ಅಂತ ಒಂದಾದ್ರೂ ಇರ್ಲಿ’ ಅಂತ ತರಿಸ್ಕೊಂಡಿದ್ರು.

...

ಬೆಚ್ಚಗಿರೋ ಜಾಗದಲ್ಲಿಡಿ ಅಂದಿದ್ರಂತೆ ನೀವು. ಎಲ್ಲಿಟ್ಕೊಂಡಿದ್ರು ಗೊತ್ತಾ? ಮಗ್ಗುಲಲ್ಲಿ. ಹೌದ್ರೀ, ಹಾಸಿಗೇಲಿ. ಒದ್ದೆ ತೆಂಗಿನ ನಾರಿನ ಪುಡೀಲಿ ಬೀಜ ಹಾಕಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಸೊಂಟದ ಪಕ್ಕ. ಎದ್ದು ಓಡಾಡೋ ಹಾಗಿರ್ಲಿಲ್ಲ, ಜ್ವರ ಬಿಡ್ತಾನೇ ಇರ್ಲಿಲ್ಲ. ‘ಈ ಬಿಸಿ ಸುಮ್ನೆ ದಂಡ ಆಗ್ತಿದೆ ಕಣೇ’ ಅನ್ನೋರು. ನೀವೇನು ಕೋಳಿನಾ, ಕಾವು ಕೂರೋಕೆ ಅಂತ ಬೈದಿದೀನಿ. ದುಪ್ಪಟಿ ಒಗೆಯೋಳು ನಾನಲ್ವಾ.

...

ಅದನ್ನೇ ಹೇಳ್ತಿದೀನಿ. ಅವರು ಹೋದ ದಿನ ಹಾಸಿಗೆ ತೆಗೆದು ಜೋಡಿಸಿದ್ದು ನನ್ನ ನಾದಿನಿ. ಪಾಪ, ಏನೋ ತಿನ್ನೋ ಪದಾರ್ಥ, ಕೆಟ್ಟೋಗುತ್ತೆ ಅಂತ ಆ ಚೀಲಾನ ಫ್ರಿಜ್ಜಲ್ಲಿಟ್ಟಿದಾಳೆ. ನಂಗೆ ನಿನ್ನೆ ಕಾಣಿಸ್ತು, ಹಾಲಿನ ಹಿಂದೆ. ಮುಟ್ಲಿಲ್ಲ. ಬಾಗಿಲು ಹಾಕ್ದೆ.

...

ಸತ್ತಿರಲ್ವಾ?

...

ಹತ್ತೊಂಬತ್ತು ದಿನ ಥಂಡೀಲಿದೆ ರೀ. ನಿಜ ಹೇಳಿ. ಸಮಾಧಾನಕ್ಕೆ ಹೇಳೋರು ಬೇಕಾದಷ್ಟು ಜನ ಬಂದು ಹೋಗಿದಾರೆ.

...

ನಿದ್ದೆ ಹೋಗಿರುತ್ತೆ ಅಷ್ಟೇನಾ? ಇರಿ, ತರ್ತೀನಿ. ಇಡ್ಬೇಡಿ. ಈ ಫೋನಲ್ಲಿ ಚಾರ್ಜ್ ನಿಲ್ಲಲ್ಲ, ಹೋದ್ರೆ ಹೋಯ್ತು...

ಹಾಂ, ತಂದೆ. ಕೈ ಕೊರೆಯುತ್ತೆ. ಒಂಬತ್ತಿದೆ. ಎಂಟು ಹಾಗೇ ಇದೆ. ಒಂದು ಮಾತ್ರ... ಸಿಪ್ಪೆ ಬಿರಿದಿದೆ. ಬೆಳ್ಳಗೆ ಏನೋ ಇದೆ, ಸೂಜಿ ಮೊನೆಯಷ್ಟು.

...

ಬೇರು ಅಂತೀರಾ? ಫ್ರಿಜ್ಜಲ್ಲಿ ಬರೋಕೆ ಸಾಧ್ಯಾನೇ ಇಲ್ವಾ?

...

ಹಾಗಾದ್ರೆ ಮುಂಚೇನೇ ಬಂದಿತ್ತು. ಅವರ ಪಕ್ಕದಲ್ಲಿದ್ದಾಗ್ಲೇ. ನೋಡ್ಲೇ ಇಲ್ಲ ಅವರು. ನೋಡಿದ್ರೆ ನಿಮಗೆ ಫೋನ್ ಮಾಡದೆ ಇರ್ತಿದ್ರಾ.

...

ಇದೀನಿ. ಕೇಳಿಸ್ತಿದೆ. ಹೇಳಿ.

...

ಬಿಸಿಲು ಬೇಡ, ಒಲೆ ಹತ್ರಾನೂ ಬೇಡ. ಮೈ ಬಿಸಿಯಷ್ಟಿದ್ರೆ ಸಾಕಾ? ಇವತ್ತಿಂದಾನೇ?

...

ಜಾಗ ಇದೆ. ಅವರು ಮಲಗ್ತಿದ್ದ ಕಡೆ ಹಾಗೇ ಬಿಟ್ಟಿದೀನಿ. ನಾನು ಗೋಡೆಗೆ ಒತ್ಕೊಂಡೇ ಮಲಗೋದು, ಅಭ್ಯಾಸ. ಅಲ್ಲಿಡ್ತೀನಿ. ಆದ್ರೆ... ಖಾಲಿ ಹಾಸಿಗೆ ಬೆಚ್ಚಗಿರಲ್ಲ, ಅಲ್ವಾ?

...

ಹಾಂ. ಹಾಗಾದ್ರೆ ನಾನೇ ಆ ಕಡೆ ಮಲಗ್ಬೇಕು.

...

ಎಷ್ಟು ದಿನ ಅಂದ್ರಿ? ಹಲೋ... ಸೋಮವಾರ ನಾನು ಫೋನ್ ಮಾಡ್ಲಾ? ಹಲೋ...