ಎಡಚಣ್ಣನ ಕೈ ಕಲಿತ ಮೆಷಿನ್ನು

ಇದು ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು. ನನಗೆ ಸ್ವಂತ ತಮ್ಮನಿದ್ದ ಹಾಗೆ ಅವನು. ನನ್ನ ಹತ್ತಿರ ಸುಳ್ಳು ಹೇಳಲ್ಲ.

ರಾತ್ರಿ, ಎರಡನೇ ಪಾಳಿ ಮುಗಿಸಿ, ಕಾರ್ಖಾನೆ ಹಿಂದಿನ ಪಾಳುಬಾವಿ ದಾಟುತ್ತಿದ್ದ. ಬಣ್ಣದ ಕೋಣೆಯಿಂದ ಸದ್ದು... ಸ್ಸ್ಸ್... ಟಕ್. ಸ್ಸ್ಸ್... ಟಕ್. ಬಣ್ಣ ಹೊಡೆಯುವ ಮೆಷಿನ್ನು. ಅದರ ಕರೆಂಟು ತೆಗೆದು ಬಂದವನು ಇವನೇ.

ಆ ಮೆಷಿನ್ನಿಗೆ ಕೆಲಸ ಕಲಿಸಿದ್ದು ಅಲ್ಲೇ ಬಣ್ಣ ಹೊಡೆಯುತ್ತಿದ್ದ ಎಡಚಣ್ಣ. ಅದರ ಕಬ್ಬಿಣದ ತೋಳು ಹಿಡಿದು, ತಾನು ಬಣ್ಣ ಹೊಡೆಯುವ ಹಾಗೇ ಆಡಿಸಿದ್ದ. ಅವನ ಕೈಯ ಓಟವನ್ನು ಅದು ಹಾಗೇ ನೆನಪಿಟ್ಟುಕೊಂಡಿತು. ಕಲಿಸಿದ ಮೂರು ದಿನವೂ ಸೂಪರ್‌ವೈಸರ್ ಹೊಗೆ ಎಳೆಯುವ ಫ್ಯಾನ್ ಹಾಕಗೊಡಲಿಲ್ಲ. "ಹಸಿ ಬಣ್ಣದ ಮೇಲೆ ಧೂಳು ಕೂರುತ್ತೆ" ಅಂದ. ಮೂರನೇ ದಿನ, ಬಣ್ಣಕ್ಕೆ ಬೆರೆಸುವ ಥಿನ್ನರ್ ಹೊಗೆಯಲ್ಲಿ ಉಸಿರುಗಟ್ಟಿ ಎಡಚಣ್ಣ ಸತ್ತ. ಕುಡಿದು ಸತ್ತ ಅಂತ ಕಾರ್ಖಾನೆಯವರು ಬರೆದರು. ಜನ್ಮದಲ್ಲಿ ಒಂದು ಹನಿ ಮುಟ್ಟದವನು. ಅವನ ಹೆಂಡತಿ ಬೀದಿಯಲ್ಲಿ ತಲೆ ಎತ್ತದ ಹಾಗಾಯಿತು. ಸಾಕ್ಷಿಗೆ ಸಹಿ ಹಾಕಿದವನು ನನ್ನ ತಮ್ಮ... ಕೆಲಸ ಹೋಗುತ್ತೆ ಅನ್ನೋ ಭಯಕ್ಕೆ. ಇದು ಕೊಲೆ. ನಾನು ಬೇರೆ ಮಾತು ಹುಡುಕಲ್ಲ.

ಆ ರಾತ್ರಿ ತಮ್ಮ ತಿರುಗಿ ಬಂದು ನೋಡಿದರೆ, ಕೋಣೆಯ ಬಾಗಿಲಲ್ಲಿ ಸೂಪರ್‌ವೈಸರ್ ಟಾರ್ಚ್ ಹಿಡಿದು ನಿಂತಿದ್ದ.

"ಒಳಗೆ ಯಾರೋ?" ಪಿಸುಗುಟ್ಟಿದ.

"ಯಾರೂ ಇಲ್ಲ ಸಾರ್. ಮೆಷಿನ್ನಿಗೆ ಕರೆಂಟೂ ಇಲ್ಲ."

"ಮತ್ತೆ ನಿಮ್ಮಪ್ಪ ಬಂದು ಹೊಡೀತಿದ್ದಾನಾ?"

ಬೈಯುತ್ತಲೇ ಒಳಗೆ ಹೋದ. ಬಾಗಿಲು ತಾನಾಗಿ ಮುಚ್ಚಿತು... ಠಪ್.

ಸ್ಸ್ಸ್... ಟಕ್.

ಒಳಗೆ ಕೆಮ್ಮು. "ಫ್ಯಾನ್... ಫ್ಯಾನ್ ಹಾಕೋ..."

ತಮ್ಮ ಬಾಗಿಲು ಎಳೆದ. ಅಲುಗಲಿಲ್ಲ. ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ. ಕಿವಿಯ ಪಕ್ಕದಲ್ಲೇ ಥಿನ್ನರ್ ವಾಸನೆಯ ಉಸಿರು.

"ಬೇಡ ತಮ್ಮಾ... ಧೂಳು ಕೂರುತ್ತೆ."

ಎತ್ತಿದ ಕೈ ತಾನಾಗಿ ಇಳಿಯಿತು.

"ಎಡಚಣ್ಣಾ... ನನ್ನನ್ನೂ ಬಿಡಲ್ವಾ?"

"ನಾಳೆ ನಿಜ ಹೇಳು. ಆಮೇಲೆ ನೋಡೋಣ."

ಬೆಳಗಾಗುತ್ತಲೇ ತಮ್ಮ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಸುಳ್ಳು ಸಾಕ್ಷಿಗೆ ಸಹಿ ಹಾಕಿದ್ದೆ ಅಂತ ಬರೆದುಕೊಟ್ಟ. ಎಡಚಣ್ಣನ ಹೆಂಡತಿಯ ಎದುರಿಗೂ ನಿಂತು ಹೇಳಿದ. ಆಕೆ ಕ್ಷಮಿಸಲಿಲ್ಲ. ಯಾಕೆ ಕ್ಷಮಿಸಬೇಕು?

ಸೂಪರ್‌ವೈಸರನ ಹೆಣ ಹೊರಗೆ ತಂದಾಗ, ತಮ್ಮನ ಜೊತೆ ಹೋಗಿದ್ದ ನಾನೂ ಅಲ್ಲಿದ್ದೆ. ನೆತ್ತಿಯಿಂದ ಪಾದದವರೆಗೆ ಬಿಳಿ ಬಣ್ಣ. ಎಲ್ಲೂ ಒಂದು ಹನಿ ಜಾರಿರಲಿಲ್ಲ. ಪೊಲೀಸರು ಕೈಗಡಿಯಾರ ಬಿಚ್ಚಿ, ಒರೆಸಿಕೊಡು ಅಂತ ನನ್ನ ಕೈಗೆ ಕೊಟ್ಟರು. ಗಾಜು ಒಡೆದಿರಲಿಲ್ಲ. ಹಿಂದಿನ ಮುಚ್ಚಳ ಬಿಗಿಯಾಗಿತ್ತು. ಹೊರಗಿನ ಬಣ್ಣವನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆ...

ಗಾಜಿನ ಒಳಗಡೆ, ಮುಳ್ಳುಗಳ ಮೇಲೂ ಬಣ್ಣ ಹೊಡೆದಿತ್ತು.