ಅಂದಾನಪ್ಪನ ಗ್ವಾಡಿ ಪಿಚ್ಚರು

ನಗಬ್ಯಾಡ್ರಿ. ನಕ್ಕರ ನಾ ಹೇಳೂದಿಲ್ಲ. ಇದು ನಮ್ಮ ಚಿಗವ್ವನ ಮಗಳು ಪದ್ಮಶ್ರೀಗೆ ಇಲಕಲ್ಲಿನಾಗ ಆಗಿದ್ದು, ಹೋದ ಶ್ರಾವಣದಾಗ.

ರಾತ್ರಿ ಹತ್ತರ ಮ್ಯಾಲಾಗಿತ್ತು. ಊರಿಗೂರ ಕರೆಂಟ್ ಹೋಗಿತ್ತು. ಪದ್ಮಶ್ರೀ ಮನಿಗೆ ಒಬ್ಬಾಕಿನ ಹೊಂಟಿದ್ಳು, ಕೈಯಾಗ ಒಂದು ಚಾವಿ. ಹಾಳಬಾವಿ ಹತ್ರ ಬಂದಾಗ ಹಿಂದ ಸಪ್ಪಳಾತು... ಟರ್ರ್... ಟರ್ರ್... ಟರ್ರ್... ಸಣ್ಣ ಹಲ್ಲಿನ ಚಕ್ರ ತಿರುಗೂ ಸಪ್ಪಳ.

ಆಕಿ ನಿಂತ್ಳು. ಆ ಸಪ್ಪಳ ಆಕಿಗೆ ಗುರ್ತದ್ದು. ಪಿಚ್ಚರ್ ತೋರಸೂ ಮಷೀನಿಂದು. ಅದರ ವಾಯರ್ ಕಿತ್ತು, ಬಾಗಿಲಿಗೆ ಕೀಲಿ ಜಡದು ಬಂದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

ಆ ಮಷೀನಿನ ಕತಿ ಮೊದಲ ಹೇಳಬೇಕು. ನಲವತ್ತು ವರ್ಷದ ಹಿಂದ ಅಂದಾನಪ್ಪ ಅಂತ ಒಬ್ಬ ನೇಕಾರ ತನ್ನ ಮಗ್ಗದ ಶೆಡ್ಡಿನಾಗ ಫಿಲ್ಮ್ ಸೊಸೈಟಿ ತಗದ. ಹಾಡಿಲ್ಲ, ಫೈಟಿಲ್ಲ, ಕತೀನೂ ಇಲ್ಲ, ಅಂಥ ಪಿಚ್ಚರು. ಒಂದರಾಗ ಬರೇ ನೆರಳು ಓಡ್ಯಾಡತಿದ್ವು, ಇನ್ನೊಂದರಾಗ ರೀಲಿನ ಮ್ಯಾಲೆ ಸೂಜೀಲೆ ಗೀರಿದ ಗೆರಿ ಕುಣೀತಿದ್ವು. ರೀಲಿನ ಡಬ್ಬಿ ರೈಲಿಗೆ ಬಾದಾಮಿತನಕ ಬರ್ತಿದ್ವು, ಅಲ್ಲಿಂದ ಬಸ್ಸಿನ್ಯಾಗ ಅಂದಾನಪ್ಪನ ತೊಡಿ ಮ್ಯಾಲೆ. ಕಂಡಕ್ಟರ್ ಕರದಂಟಿನ ಡಬ್ಬಿ ಅಂತ ತಿಳಕೊಂಡು ಒಂದು ತುಣುಕು ಕೇಳಿದ್ನಂತ. ಮೊದಲನೇ ದಿನ ಇನ್ನೂರು ಮಂದಿ ಬಂದ್ರು, ಅರ್ಧ ತಾಸಿಗೆ ಒಂಬತ್ತು ಮಂದಿ ಉಳದ್ರು. ಹುಚ್ಚರ ಸಂಘ ಅಂತ ಊರೆಲ್ಲ ನಕ್ತು. ಅಂದಾನಪ್ಪ, ಒಂಬತ್ತಂದ್ರ ಭಾಳಾತು ಅಂದ.

ಮಗ್ಗ ಎತ್ತಿಸಿದ್ರೂ ನೇಕಾರ ಕಾಲು ಇಳಿಬಿಡೂ ಕುಣಿ ನೆಲದಾಗ ಹಂಗ ಇದ್ವು. ಮಂದಿ ಅದರ ದಂಡಿಗೆ ಕುಂತು, ಕಾಲು ಇಳಿಬಿಟ್ಟು ನೋಡತಿದ್ರು. ಅಂದಾನಪ್ಪನ ನಿಯಮ ಎರಡ. ಒಂದು, ಪಿಚ್ಚರ್ ನೋಡಿದಾವ್ರು ಏನು ನೋಡಿದ್ರು ಅಂತ ಒಂದು ಮಾತು ಹೇಳದ ಹೊರಗ ಹೋಗೂವಂಗಿಲ್ಲ. ಚಲೋ ಐತಿ, ಕೆಟ್ಟೈತಿ ಅಂದ್ರ ನಡಿಯೂದಿಲ್ಲ, ಕಂಡಿದ್ದು ಹೇಳಬೇಕು. ಎರಡನೇದು, ಸಾಲಾಗಿ ಮೂರು ಆಟಕ್ಕ ಒಬ್ರೂ ಬರದಿದ್ರ ಸೊಸೈಟಿ ಬಂದ್, ಶೆಡ್ಡು ಮಗ ಸೋಮಲಿಂಗಗ.

ಅಂದಾನಪ್ಪ ತೀರಿಕೊಂಡು ಹನ್ನೊಂದು ವರ್ಷಾತು. ಸಣ್ಣಾಕಿದ್ದಾಗಿಂದ ಒಂದು ಆಟಾನೂ ತಪ್ಪಿಸದಾಕಿ ಅಂತ ಸೊಸೈಟಿ ಪದ್ಮಶ್ರೀ ಕೈಗೆ ಬಂತು. ಹಗಲಿಗೆ ಸೀರಿ ಅಂಗಡ್ಯಾಗ ಕೆಲಸ, ಐತವಾರ ರಾತ್ರಿ ಪಿಚ್ಚರು. ಹಿಂದಿನ ಎರಡು ಐತವಾರ ಯಾರೂ ಬಂದಿರಲಿಲ್ಲ. ಆವತ್ತು ಮೂರನೇ ಆಟ... ಒಂದು ನರಪಿಳ್ಳಿ ಬರಲಿಲ್ಲ. ರೀಲು ಏರಿಸಿಟ್ಟು ಕುಂತಳು, ಕುಂತಳು, ಕಡೀಕ ಕರೆಂಟೂ ಹೋತು. ಮುಂಜಾನೆ ಸೋಮಲಿಂಗ ಚಾವಿ ಇಸ್ಕೊಳ್ಳಾಕ ಬರಾವ ಇದ್ದ, ಅಲ್ಲಿ ಪಾವರ್‌ಲೂಮ್ ಹಾಕಾವ.

ಬಾವಿ ಹತ್ರ ಆ ಸಪ್ಪಳ ಕೇಳಿದ್ರ ಬ್ಯಾರೆ ಯಾರಾದ್ರೂ ಓಡತಿದ್ರು. ಈಕಿ ತಿರುಗಿ ಹೊಂಟ್ಳು. ಅಂಜಿಕಿ ಇರಲಿಲ್ಲಂತಲ್ಲ. ಖರೆ ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ನಾಳಿ ಮುಂಜಾನಿತನಕ ಅದು ತನ್ನ ಮಷೀನು, ಮುಟ್ಟಾಂವ ಯಾಂವ ಅಂತ.

ಹಾಕಿದ ಕೀಲಿ ಹಾಕಿದಂಗ ಇತ್ತು. ತಗದ್ಳು... ಚಿಲಕ ಕಿರ್ರ್ ಅಂತು... ಒಳಗ ಸುಣ್ಣದ ಗ್ವಾಡಿ ಮ್ಯಾಲೆ ಬೆಳಕು. ವಾಯರ್ ನೆಲದಾಗ ಬಿದ್ದಿತ್ತು, ಮಷೀನ್ ಓಡತಿತ್ತು. ನಡುವಿನ ಕುಣ್ಯಾಗ ಕಾಲು ಇಳಿಬಿಟ್ಟು ಅಂದಾನಪ್ಪ ಕುಂತಿದ್ದ.

ಓಡತಿದ್ದದ್ದು ಅಂವ ತಾನ ತಗದ ಪಿಚ್ಚರು. ಕಮತಗಿಯೊಳಗ ಅಂವ ಹುಟ್ಟಿದ ಮನಿ ಗ್ವಾಡಿ, ಅದರ ಮ್ಯಾಲೆ ಮಳಿನೀರು ಇಳಿಯೂದು. ಅಷ್ಟ. ಒಂದು ನೊಣ ಸೈತ ಇಲ್ಲ ಅದರಾಗ.

"ಸಾಕು ತಂಗಿ," ಅಂದ, ಪಿಸುಮಾತಿನಾಗ. "ಚಾವಿ ಕೊಟ್ಟಬಿಡು. ಮೂರು ಸಲ ಯಾರೂ ಬರಲಿಲ್ಲ."

"ನೀವು ಬಂದೀರಲ್ರಿ ಅಜ್ಜಾರ."

"ಸತ್ತಾವ್ರು ಲೆಕ್ಕಕ್ಕಿಲ್ಲ."

"ಹಂಗಂತ ನಿಮ್ಮ ನಿಯಮದಾಗ ಇಲ್ಲ."

ಅಂವ ಎದ್ದ. ಈಕಿ ಹೋಗಿ ಬಾಗಿಲಿಗೆ ಅಡ್ಡ ನಿಂತ್ಳು. ಸತ್ತಾಂವಗ ಬಾಗಿಲು ಯಾಕ ಬೇಕು ಅಂತ ನಾ ಆಮ್ಯಾಲೆ ಕೇಳಿದೆ. ನಿಯಮ ಮಾಡಿದಾಂವ ಬಾಗಿಲ ಬಿಟ್ಟು ಬ್ಯಾರೆ ದಾರೀಲೆ ಹೋಗೂದಿಲ್ಲ ಅಂತ ಗೊತ್ತಿತ್ತು ಅಂದ್ಳು.

"ನೀವು ಇರೂತನಕ ಯಾರನ್ನೂ ಸುಮ್ನ ಬಿಟ್ಟಿಲ್ಲ. ನಾನೂ ಬಿಡೂದಿಲ್ಲ," ಅಂದ್ಳು. "ಏನು ನೋಡಿದ್ರಿ, ಹೇಳ್ರಿ."

ರೀಲು ಮುಗೀತು. ಅದರ ತುದಿ ಬಡಕೊಳ್ಳಾಕ ಹತ್ತಿತು... ಚಟ್... ಚಟ್... ಚಟ್...

ಅಂದಾನಪ್ಪ ಹೊಳ್ಳಿ ಗ್ವಾಡಿ ಕಡೆ ನೋಡಿದ. ಆಮ್ಯಾಲೆ ಅಂದ...

"ನಮ್ಮವ್ವ ಬಂದ್ಳು. ಸೆರಗಿಲೆ ಗ್ವಾಡಿ ಒರಸಿದ್ಳು."

ಬೆಳಕು ಆರಿತು. ಶೆಡ್ಡಿನಾಗ ಈಕಿ ಒಬ್ಬಾಕಿನ ಇದ್ಳು.

ಮುಂಜಾನೆ ಕರೆಂಟ್ ಬಂತು, ಸೋಮಲಿಂಗನೂ ಬಂದ. ಈಕಿ ಚಾವಿ ಕೊಡಲಿಲ್ಲ. ಒಬ್ರು ನೋಡ್ಯಾರ, ಮಾತೂ ಹೇಳ್ಯಾರ ಅಂದ್ಳು. ಯಾರು ಅಂದ್ರ, ನಿಮ್ಮಪ್ಪಾರು ಅಂದ್ಳು. ಅಂವ ಕೆಂಡಾಮಂಡಲ ಆದ, ಪೊಲೀಸರನ್ನ ಕರೀತೇನಿ ಅಂದ. ಕರೀರಿ, ಅವರನ್ನೂ ಕುಂದ್ರಿಸಿ ತೋರಸ್ತೇನಿ, ಅವರೂ ಒಂದು ಮಾತು ಹೇಳೇ ಹೋಗಬೇಕು ಅಂದ್ಳು. ಕಡೀಕ ಸೋಮಲಿಂಗ ತಾನ ಕುಣಿ ದಂಡಿಗೆ ಕುಂತ, ಅದೇನು ತೋರಸ್ತಿ ತೋರಸು ಅಂತ. ಆ ಮಳಿ ಗ್ವಾಡಿ ರೀಲು ಮುಗದ ಮ್ಯಾಲೆ ಬಾಗಿಲದಾಗ ನಿಂತು ಒಂದು ಮಾತು ಹೇಳಿದ. ಏನು ಹೇಳಿದ ಅಂತ ಪದ್ಮಶ್ರೀ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಚಾವಿ ಮಾತ್ರ ಅಂವ ಮತ್ತ ಕೇಳಲಿಲ್ಲ.

ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ. ಆ ರೀಲಿನ ಡಬ್ಬಿ ಮ್ಯಾಲೆ ಅಂದಾನಪ್ಪ ತನ್ನ ಕೈಲೆ ಹತ್ತೊಂಬತ್ತು ನಿಮಿಷ ಅಂತ ಬರದಾನ. ಹೋದ ಐತವಾರ ನಾ ಗಡಿಯಾರ ಹಿಡದು ನೋಡೇನಿ... ಇಪ್ಪತ್ತೊಂದು ನಿಮಿಷ ಓಡ್ತು. ಆ ಹೆಚ್ಚಿನ ಎರಡು ನಿಮಿಷದಾಗ ಗ್ವಾಡಿ ಒರಸಿದಂಗ ಒಣಗಿತ್ತು.